ಬೀಗರ ಮನೆಗೆ ಬೀಗ

ಹದಿನಾರು ಕೆರೆಯ ನೀರಗಂಟಿ ನಾನು.
ತೂಬಿನ ತಿರುಪು ನನ್ನ ಕೈಯಲ್ಲಿ ಸವೆದಿದೆ,
ನನ್ನ ಕೈ ತಿರುಪಿನಲ್ಲಿ.
ಪುಷ್ಯಮಾಸ ಬಂತೆಂದರೆ ಏರಿಯ ಮೇಲೆ ನಿಂತು
ಹೆಬ್ಬಾತು ಎಣಿಸುವ ಪುಷ್ಪವಲ್ಲಿ ಮೇಡಮ್ಮಿಗೆ
ಚೀಟಿ ಬರೆದುಕೊಡುವವನು:
ಇವತ್ತು ಮುನ್ನೂರ ಹನ್ನೆರಡು. ನಾಯಿ ಬಂದಿತ್ತು. ಮತ್ತೆ ಎಣಿಸಬೇಕು.

ಹೋದ ಚಳಿಗೆ ಅವರೇ ಅಂದರು: ಬನ್ನಿ ಮರಿಸಿದ್ದಣ್ಣ,
ಇವು ಹುಟ್ಟಿದ ಊರು ತೋರಿಸ್ತೀನಿ.
ಹೆಂಡತಿ ಹುರಿಹಿಟ್ಟು ಕಟ್ಟಿದಳು, ಎರಡು ಸೇರು.
ಮೈಸೂರಿನಲ್ಲಿ ಬೈಲುಕುಪ್ಪೆಯವರ ಹತ್ತಿರ ಸ್ವೆಟರ್ ಕೊಂಡೆ;
ಹೋಗುವ ಊರು ಕೇಳಿ ಮಾರುವ ಮುದುಕಿ
ನನ್ನ ಮುಖವನ್ನೇ ನೋಡಿ, ನೂರು ರೂಪಾಯಿ ಬಿಟ್ಟಳು.

ಎರಡು ದಿನ ರೈಲು, ಒಂದು ವಿಮಾನ, ಒಂದು ಜೀಪು,
ಕೊನೆಗೆ ಕೆರೆ.
ನಮ್ಮಂಥ ನೂರು ಕೆರೆ ಕೂಡಿಸಿದಷ್ಟು ಅಗಲ,
ಚಪ್ಪಡಿಯಷ್ಟು ಗಟ್ಟಿ.
ನಡೆದೆ ಅದರ ಮೇಲೆ, ಬೂಟುಗಾಲಲ್ಲಿ,
ಕೆರೆ ತುಳಿದ ಪಾಪ ಎಲ್ಲಿ ತೊಳೆಯುವುದೋ ಎಂದು
ಒಳಗೇ ಅಳುಕುತ್ತ.
ಇದಕ್ಕೆ ತೂಬು ಎಲ್ಲಿ? ಕೇಳಿದೆ.
ಯಾರೂ ನಗಲಿಲ್ಲ. ಚಳಿ ಅಷ್ಟಿತ್ತು.

ಒಂದು ಹೆಬ್ಬಾತೂ ಇಲ್ಲ.
ಇರುವುದಾದರೂ ಹೇಗೆ?
ಅವು ನಮ್ಮೂರಲ್ಲಿ ಹುರುಳಿ ಮೇಯುತ್ತಿದ್ದವು.
ಬೀಗರು ನಮ್ಮಲ್ಲಿಗೆ ಬಂದಿರುವಾಗ
ನಾವು ಬೀಗರ ಮನೆಗೆ ಹೋಗಿ ನಿಂತರೆ
ಬಾಗಿಲಿಗೆ ಬೀಗ.
ಬೀಗ ಎಷ್ಟು ದಪ್ಪ ಎಂದು ಮೇಡಂ ಕೊರೆದು ನೋಡಿದರು:
ಮೊಳಕ್ಕೆ ಎರಡು ಬೆರಳು ಕಡಿಮೆ.

ಹಿಮಚಿರತೆಯನ್ನೂ ತೋರಿಸಿದರು, ಕೊಳವೆಯಲ್ಲಿ.
ಅಗೋ ಆ ಬಂಡೆ ಪಕ್ಕ, ಅಂದರು.
ನನಗೆ ಕಂಡದ್ದು ಬಂಡೆ. ಅದರ ಪಕ್ಕ ಇನ್ನೊಂದು ಬಂಡೆ.
ತುಸು ಹೊತ್ತಿಗೆ ಎರಡನೆಯ ಬಂಡೆ ಎದ್ದು ಮೈಮುರಿದು
ಹಗ್ಗದಂಥ ಬಾಲ ಎಳೆದುಕೊಂಡು ಹೊರಟುಹೋಯಿತು.
ಕಣ್ಣಲ್ಲಿ ನೀರು ಬಂತು, ಗಲ್ಲದ ಮೇಲೆ ಕಲ್ಲಾಯಿತು.
ಚಳಿಗೆ ಬಂದದ್ದು. ಬೇರೇನಲ್ಲ.

ರಾತ್ರಿ ಇಶೆ ಆಂಗ್ಮೊ ಎಂಬಾಕೆಯ ಒಲೆಯ ಮುಂದೆ
ಆಡಿನ ಹಿಕ್ಕೆಯ ಬೆಂಕಿ, ಉಪ್ಪು ಹಾಕಿದ ಚಾ.
ಬಟ್ಟಲಿಗೆ ಬಾರ್ಲಿಯ ಹಿಟ್ಟು ಸುರಿದಳು: ಹುರಿದದ್ದು!
ನಾನು ಗಂಟು ಬಿಚ್ಚಿದೆ.
ಅವಳು ನನ್ನ ರಾಗಿ ಮೂಸಿದಳು, ನಾನು ಅವಳ ಬಾರ್ಲಿ.
ಬೆರಳಲ್ಲೇ ಕಲಸಿ ಉಂಡೆ ಕಟ್ಟಿದೆವು.

ಮೊಬೈಲಿನಲ್ಲಿ ಪಟ ತೋರಿಸಿದೆ:
ನೆತ್ತಿಯ ಹಿಂದೆ ಎರಡು ಕಪ್ಪು ಗೆರೆ, ಅದರಾಚೆ ನಮ್ಮ ತೆಂಗು.
ಮುದುಕಿ ಕೂಗಿದಳು:
ಙಂಗ್ಪಾ!

ಒಂದನೇ ಕ್ಲಾಸಿನ ಗೋಡೆ ನೆನಪಾಯಿತು.
ಕಮಲ, ಖಡ್ಗ, ಗರಗಸ, ಘಂಟೆ,
ಆಮೇಲೆ ಪಟವಿಲ್ಲದ ಒಂದು ಚೌಕ.
ಇದಕ್ಕೇನು ಸಾ? ಎಂದದ್ದಕ್ಕೆ
ನಾಗಭೂಷಣ ಮೇಷ್ಟ್ರು ಕಿವಿ ಹಿಂಡಿದ್ದರು:
ಇದಕ್ಕೆ ಪದ ಇಲ್ಲ, ಸುಮ್ಮನೆ ತಿದ್ದು.
ಐವತ್ತೆರಡು ವರ್ಷ ಖಾಲಿಯಿದ್ದ ಚೌಕಕ್ಕೆ
ಹೆಬ್ಬಾತು ಬಂದು ಇಳಿಯಿತು, ಕಾಲು ಮುಂದೆ ಚಾಚಿ.

ಹೊರಡುವಾಗ ಮುದುಕಿ ಹೇಳಿಕಳಿಸಿದಳು:
ಇಲ್ಲಿ ಮಂಜು ಒಡೆಯಲು ಇನ್ನೂ ಮೂರು ತಿಂಗಳು,
ಅವಸರ ಮಾಡಬೇಡಿ ಅನ್ನು.

ಬಂದವನೇ ಏರಿಗೆ ಹೋದೆ.
ಒಂದರ ಕೊರಳಲ್ಲಿ ಹಸಿರು ಪಟ್ಟಿ.
ಇದು ಮಂಗೋಲಿಯದ್ದು ಮರಿಸಿದ್ದಣ್ಣ, ಅಂದರು ಮೇಡಂ,
ಪಟ್ಟಿಯಿಲ್ಲದವು ಎಲ್ಲೆಲ್ಲಿಯವೋ, ಹೇಳಲಾಗದು.
ಹಾಗಾದರೆ ನಾನು ನೋಡಿ ಬಂದದ್ದು
ಯಾರ ಮನೆಯ ಬೀಗ?

ಆದರೂ ಮುದುಕಿಯ ಮಾತು ಒಪ್ಪಿಸಿಬಿಟ್ಟೆ,
ಅವಳ ಪದ ಮೊದಲು, ಉಳಿದದ್ದು ಕನ್ನಡದಲ್ಲಿ.
ಒಂದೂ ತಲೆ ಎತ್ತಲಿಲ್ಲ.
ಅದು ತಮ್ಮಯ್ಯನ ಹುರುಳಿ ಹೊಲ.
ತಗಡು ಬಡಿಯುತ್ತ ಅವನು ನನ್ನನ್ನೇ ಬೈಯುತ್ತಿದ್ದ:
ನಿನ್ನ ನೆಂಟರು, ನೀನೇ ಉಣ್ಣಾಕಿಕ್ಕು.

ಕೆಳಗದ್ದೆಯವರ ಸರದಿ ಇತ್ತು. ತೂಬಿಗೆ ಹೋದೆ.
ತಿರುಪು ತಣ್ಣಗಿತ್ತು, ತಿರುಗಿತು.
ನೀರು ಧುಮುಕಿದ ಸದ್ದಿಗೆ
ಎಲ್ಲ ಕೊರಳೂ ಒಟ್ಟಿಗೆ ಎದ್ದವು.
ಎಣಿಸತೊಡಗಿದೆ:
ಒಂದು, ಎರಡು, ಮೂರು, ತಮ್ಮಯ್ಯನ ತಗಡು,
ಮತ್ತೆ ಒಂದು.